ಕಬ್ಬಿಣದ ಮೊಳೆಯಿಲ್ಲದೆ ಹಲಸಿನ ಬೆಂಚು: ಕೇಳಿದ್ದು ಒಬ್ಬರು, ಹೇಳಿದ್ದು ಹಲವರು

ತೀರ್ಥಹಳ್ಳಿಯಿಂದ ಪ್ರಶ್ನೆ

ನಮಸ್ಕಾರ. ಮಳೆಗಾಲದ ಗಾಳಿಗೆ ತೋಟದಲ್ಲಿ ಬಿದ್ದ ಹಲಸಿನ ಮರವನ್ನು ಮಿಲ್ಲಿನಲ್ಲಿ ಕೊಯ್ಯಿಸಿ ಅಟ್ಟದ ಮೇಲೆ ಜೋಡಿಸಿಟ್ಟು ಮೂರು ವರ್ಷವಾಯಿತು. ಒಂದೂವರೆ ಅಂಗುಲ ದಪ್ಪ, 14 ಅಂಗುಲ ಅಗಲದ ಹಲಗೆಗಳಿವೆ. ಕಾಲಿಗಾಗುವ ಎರಡೂವರೆ ಅಂಗುಲದ ಚೌಕ ತುಂಡುಗಳೂ ಇವೆ. ಜಗಲಿಗೆ 5 ಅಡಿ ಉದ್ದದ ಬೆಂಚು ಮಾಡಬೇಕೆಂದಿದ್ದೇನೆ. ಮೊಳೆ, ಸ್ಕ್ರೂ ಯಾವುದೂ ಬೇಡ. ಉಳಿ, ಗರಗಸ, ಕೀಸುಳಿ ಹಿಡಿದು ಅಭ್ಯಾಸವಿದೆ, ಆದರೆ ಕುರ್ಚಿ, ಮೇಜು ಮಾಡಿದವಳಲ್ಲ. ಕಾಲು ಅಲುಗಾಡದಂತೆ ಕೂಡಿಸುವುದು ಹೇಗೆ? ಅಂಟು ಹಾಕಬೇಕೇ?

ಸಾಗರದಿಂದ

ಅಕ್ಕ, ಹಲಸು ಒಳ್ಳೆಯ ಮರ. ಉಳಿಗೆ ಒಗ್ಗುತ್ತದೆ, ಬೆಳಕು ತಗುಲಿದಷ್ಟೂ ಹಳದಿಯಿಂದ ಕಂದಿಗೆ ತಿರುಗಿ ಚೆಲುವಾಗುತ್ತದೆ. ವೀಣೆಗೆ ಬಳಸುವುದೂ ಇದನ್ನೇ. ಕೆಚ್ಚನ್ನು ಮಾತ್ರ ಉಳಿಸಿಕೊಳ್ಳಿ. ಅಂಚಿನ ಬಿಳಿಭಾಗವನ್ನು ಮುಲಾಜಿಲ್ಲದೆ ಕೊಯ್ದು ಬಿಸಾಡಿ, ಏಕೆಂದರೆ ಕುಟ್ಟೆ ಹುಳು ಹತ್ತುವುದು ಅಲ್ಲಿ. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬ ಲೆಕ್ಕದಲ್ಲಿ ಹಲಗೆಗಳು ಸಿದ್ಧವಾಗಿವೆ. ಕಾಲಿನ ತುಂಡುಗಳಿಗೂ ಲೆಕ್ಕದ ಕಾಲ ಮುಗಿದಿದೆ, ಆದರೂ ದಪ್ಪ ಹೆಚ್ಚಿರುವುದರಿಂದ ಒಳಗೆ ಇನ್ನೂ ಹಸಿಯಿರಬಹುದು. ಒಂದನ್ನು ತೂಗಿ ಬರೆದಿಡಿ, ಎರಡು ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಕಾಯಬೇಕು.

ಈಗ ಕೂಡಿಕೆ. ಕಾಲಿನಲ್ಲಿ ಚೌಕ ತೂತು, ಎರಡು ಕಾಲುಗಳನ್ನು ಸೇರಿಸುವ ಅಡ್ಡಪಟ್ಟಿಯ ತುದಿಯಲ್ಲಿ ಅದರೊಳಗೆ ಬಿಗಿಯಾಗಿ ಕೂರುವ ನಾಲಿಗೆ. ಬೆಂಚಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಲಿ. ಒಂದೂವರೆ ಅಂಗುಲದ ಪಟ್ಟಿಗೆ ಅರ್ಧ ಅಂಗುಲದ ನಾಲಿಗೆ, ಅರ್ಧ ಅಂಗುಲದ ಉಳಿ. ತೂತಿನ ಅಗಲವೂ ಉಳಿಯ ಅಗಲವೂ ಒಂದೇ ಆಗಿದ್ದರೆ ಗೋಡೆಗಳು ತಾವಾಗಿಯೇ ನೇರ ಬರುತ್ತವೆ. ಮೊದಲು ತೂತು ಕೊರೆಯಿರಿ, ಆಮೇಲೆ ಅದಕ್ಕೆ ತಕ್ಕಂತೆ ನಾಲಿಗೆಯನ್ನು ಕೆತ್ತಿ. ನಾಲಿಗೆಯನ್ನು ಕೀಸುತ್ತ ತೆಳುಮಾಡಬಹುದು, ದೊಡ್ಡದಾದ ತೂತನ್ನು ಚಿಕ್ಕದು ಮಾಡಲಾಗದು. ಆರಪಾರ ತೂತಾದರೆ ಎರಡೂ ಮುಖಗಳಿಂದ ಅರ್ಧರ್ಧ ಕೊರೆಯಿರಿ, ಇಲ್ಲವಾದರೆ ಆಚೆ ಬದಿಯಲ್ಲಿ ಚಕ್ಕೆ ಏಳುತ್ತದೆ.

ಅಂಟು ಬೇಡ. ಪಟ್ಟಿಯನ್ನು ಮರದ ಮೊಳೆಯಿಂದ ಎಳೆದು ಬಿಗಿಯಿರಿ. ಮೊದಲು ಕಾಲಿಗೆ ಮಾತ್ರ, ಚೌಕ ತೂತನ್ನು ಅಡ್ಡ ಹಾಯುವಂತೆ, ಮೊಳೆಯ ತೂತು ಕೊರೆಯಿರಿ. ನಾಲಿಗೆಯನ್ನು ಒಳಗೆ ಕೂರಿಸಿ, ಆ ತೂತಿನ ನಡುವಿನ ಗುರುತನ್ನು ಅದರ ಮೇಲೆ ಮಾಡಿ ಹೊರತೆಗೆಯಿರಿ. ನಾಲಿಗೆಯ ತೂತನ್ನು ಗುರುತಿನಿಂದ ಒಂದು, ಒಂದೂವರೆ ಮಿಲಿಮೀಟರ್ ಪಟ್ಟಿಯ ಕಡೆಗೆ ಸರಿಸಿ ಕೊರೆಯಿರಿ. ತುದಿ ಚೂಪಾಗಿಸಿದ ಮೊಳೆಯನ್ನು ಕೊಡತಿಯಿಂದ ಹೊಡೆದಾಗ ಅದು ಪಟ್ಟಿಯನ್ನು ಕಾಲಿನತ್ತ ಎಳೆದು ಸಂದು ಮುಚ್ಚುತ್ತದೆ. ಮೊಳೆಗೆ ಚೆನ್ನಾಗಿ ಬಲಿತು ಒಣಗಿದ ಬಿದಿರು ಒಳ್ಳೆಯದು. ಗರಗಸದಿಂದ ಕೊಯ್ಯದೆ ಕತ್ತಿಯಿಂದ ಸೀಳಿ, ಆಗ ಎಳೆ ತುದಿಯಿಂದ ತುದಿಗೆ ತುಂಡಾಗದೆ ಉಳಿಯುತ್ತದೆ.

ಬೆಂಗಳೂರಿನಿಂದ

ಅಂಟಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮೊದಲ ಬಾರಿ ಮಾಡುವವರ ನಾಲಿಗೆ ಕೂದಲೆಳೆಯಷ್ಟು ಸಡಿಲವಾಗುವುದು ಸಹಜ. ಅಂಥ ಕಡೆ ಫೆವಿಕಾಲ್ ಹಚ್ಚುವುದರಲ್ಲಿ ತಪ್ಪಿಲ್ಲ. ಕಾಲಿಗೂ ಅಡ್ಡಪಟ್ಟಿಗೂ ಹಚ್ಚಿ. ಕೂರುವ ಹಲಗೆಗೆ ಮಾತ್ರ ಎಲ್ಲೂ ಹಚ್ಚಬೇಡಿ.

ಮರಗೆಲಸವನ್ನು ಕ್ರಮವಾಗಿ ಕಲಿಯುವ ಮನಸ್ಸಿದ್ದರೆ, ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿಗಳು ನಡೆಯುತ್ತವೆ, ವಿಚಾರಿಸಿ.

ತೀರ್ಥಹಳ್ಳಿಯಿಂದ ಮತ್ತೆ

ಹಲಗೆಗೆ ಅಂಟೂ ಬೇಡ, ಮೊಳೆಯೂ ಬೇಡ ಎಂದರೆ ಅದು ಕಾಲಿನ ಮೇಲೆ ನಿಲ್ಲುವುದು ಹೇಗೆ?

ಕುಂದಾಪುರದಿಂದ

ಇದೇ ಮುಖ್ಯವಾದ ಪ್ರಶ್ನೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ನಿಮ್ಮ ಮಲೆನಾಡಿನ ಆಷಾಢಕ್ಕೂ ಮಾರ್ಚ್ ತಿಂಗಳ ಬಿಸಿಲಿಗೂ ನಡುವೆ 14 ಅಂಗುಲದ ಹಲಗೆ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸವಾಗಬಹುದು. ಎರಡೂ ಅಂಚುಗಳನ್ನು ಗಟ್ಟಿಯಾಗಿ ಹಿಡಿದರೆ ಅದು ನಡುವೆ ಸೀಳುತ್ತದೆ. ಹಲಗೆ ಒಡೆದ ಬೆಂಚುಗಳನ್ನು ತಿರುಗಿಸಿ ನೋಡಿದಾಗ ನನಗೆ ಹೆಚ್ಚಾಗಿ ಕಂಡದ್ದು ಇದೇ ಕಾರಣ.

ಆದ್ದರಿಂದ ಹಲಗೆಯ ಅಡಿಯಲ್ಲಿ, ಎರಡೂ ತುದಿಗಳಿಂದ ಸುಮಾರು 9 ಅಂಗುಲ ಒಳಗೆ, ಅಗಲಕ್ಕೆ ಅಡ್ಡವಾಗಿ ಒಂದೊಂದು ತೋಡು ತೆಗೆಯಿರಿ. ಆಳ ಅರ್ಧ ಅಂಗುಲ ಮೀರಬಾರದು. ತೋಡಿನ ಬಾಯಿ ಕಿರಿದು, ಒಳಗೆ ಅಗಲ ಇರಬೇಕು. ಅದೇ ಆಕಾರಕ್ಕೆ ಅಂಚು ಕೀಸಿದ ಪಟ್ಟಿಯನ್ನು ಬದಿಯಿಂದ ತೂರಿಸಿ ಹೊಡೆದರೆ ಹಲಗೆ ಮೇಲಕ್ಕೆ ಕಳಚಿ ಬರಲಾರದು, ಬಾಗುವುದೂ ಕಡಿಮೆ. ಕಾಲುಗಳ ಮೇಲ್ತುದಿಯ ನಾಲಿಗೆ ಈ ಪಟ್ಟಿಯೊಳಗೆ ಕೂರುತ್ತದೆ. ಹಲಗೆಗೂ ಪಟ್ಟಿಗೂ ಸರಿಯಾಗಿ ನಡುವೆ ಒಂದೇ ಒಂದು ಮರದ ಮೊಳೆ, ಅಡಿಯಿಂದ, ಹಲಗೆಯ ಮೇಲ್ಮುಖ ತೂತಾಗದಂತೆ. ನಡುವು ಸ್ಥಿರವಾಗಿರುತ್ತದೆ, ಎರಡೂ ಅಂಚುಗಳು ಮಳೆಗೆ ಚಾಚಿ ಬೇಸಿಗೆಗೆ ಹಿಂದೆ ಸರಿಯುತ್ತವೆ. ಪಟ್ಟಿ ಕತ್ತರಿಸುವಾಗ ಎರಡೂ ಕಡೆ ಒಂದೊಂದು ಅಂಗುಲ ಹೆಚ್ಚು ಬಿಡಿ. ತುದಿಯ ಹತ್ತಿರ ಉಳಿ ಹೊಡೆದಾಗ ಸೀಳದಂತೆ ಆ ಹೆಚ್ಚುವರಿ ಕಾಯುತ್ತದೆ. ತೂತುಗಳನ್ನು ಕೊರೆದು ಮುಗಿಸಿ, ತೋಡಿಗೆ ತೂರಿಸುವ ಮೊದಲು ಕೊಯ್ದುಬಿಡಿ.

ಅಲುಗಾಟ ನಿಲ್ಲಿಸುವುದು ಕೆಳಗಿನ ಉದ್ದಪಟ್ಟಿ. ನೆಲದಿಂದ 5 ಅಂಗುಲ ಮೇಲೆ, ಎರಡು ಕಡೆಯ ಕಾಲುಗಳ ಅಡ್ಡಪಟ್ಟಿಗಳನ್ನು ಅದು ಸೇರಿಸಲಿ. ಅದರ ನಾಲಿಗೆ ಆಚೆಗೆ ಎರಡು ಅಂಗುಲ ಚಾಚಿಕೊಂಡಿರಲಿ, ಚಾಚಿದ ಭಾಗದಲ್ಲಿ ತೂತು ಮಾಡಿ ಬೆಣೆ ಹೊಡೆಯಿರಿ. ಬೇಸಿಗೆಯಲ್ಲಿ ಸಡಿಲವಾದರೆ ಬೆಣೆಗೆ ಎರಡು ಪೆಟ್ಟು ಸಾಕು.

ಸಾಗರದಿಂದ

ಕುಂದಾಪುರದವರ ಮಾತಿಗೆ ಒಂದು ಸೇರ್ಪಡೆ. ನಾಲಿಗೆಯ ತುದಿಯನ್ನೇ ಸೀಳಿ ಬೆಣೆ ಹೊಡೆಯುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಬೆಣೆ ಕಾಲಿನ ಎಳೆಗೆ ಅಡ್ಡವಾಗಿಯೇ ಕೂರಬೇಕು, ಅಂದರೆ ನಾಲಿಗೆ ಮೇಲಕ್ಕೂ ಕೆಳಕ್ಕೂ ಅರಳಬೇಕು. ಎಳೆಯ ಉದ್ದಕ್ಕೆ ಹೊಡೆದರೆ ನಾಲಿಗೆ ಪಕ್ಕಕ್ಕೆ ಅರಳಿ ಕಾಲು ಸೀಳಿಹೋಗುತ್ತದೆ.

ಕೂರುವ ಎತ್ತರ 17 ಅಂಗುಲ ಇರಲಿ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ 18 ಮಾಡಿ, ಏಳುವುದು ಸುಲಭ.

ಕುಂದಾಪುರದಿಂದ

ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲ. ಕರಾವಳಿಯಲ್ಲಿ ಪಕಾಸಿ, ತೊಲೆಗಳಿಗೆ ಗೇರು ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯಿದೆ. ಗೆದ್ದಲಿಗೆ ಅದು ಒಳ್ಳೆಯ ತಡೆ, ಆದರೆ ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳುತ್ತದೆ. ಕೂರುವ ಹಲಗೆಗೆ ಖಂಡಿತ ಬೇಡ. ಕಾಲಿನ ತಳಕ್ಕೆ ಮಾತ್ರ, ಕೈಗವಸು ಹಾಕಿಕೊಂಡು ಬಳಿಯಿರಿ. ಜಗಲಿಯ ನೀರನ್ನು ಮೊದಲು ಕುಡಿಯುವುದು ಆ ತಳವೇ. ಉಳಿದ ಭಾಗಕ್ಕೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಹೀರಿದ ಮೇಲೆ ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಒಣಗಿದ ಮೇಲೆ ಮತ್ತೊಮ್ಮೆ, ಕೊನೆಗೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಏರಿ ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಅಂಗಳದ ಹಗ್ಗದ ಮೇಲೆ ಹರಡಿ.