ಮ್ಯಾಪ್‌ನ ಮೂಲ ಫೈಲುಗಳ ಬ್ಯಾಕಪ್: ಕಂಪೈಲ್ ಆದ ಬಿಎಸ್‌ಪಿ ಫೈಲು ಕೈಯಲ್ಲಿದ್ದರೆ ಸಾಲದೇ?

ಬೈತಖೋಲ_ಬ್ರಶ್ (ಕಾರವಾರ)

ನಮ್ಮದು ಮೂರು ಜನರ ಗುಂಪು. ಇಬ್ಬರು ಕಾರವಾರ, ಒಬ್ಬರು ಶಿರಸಿ. ಕೆಲಸ ಎರಡು ನಡೆದಿದೆ. ಒಂದು, ಟೀಮ್ ಫೋರ್ಟ್ರೆಸ್ 2ಕ್ಕೆ ಮೀನುಗಾರಿಕೆ ಬಂದರಿನ ಮಾದರಿಯ ಮ್ಯಾಪ್, ಹ್ಯಾಮರ್‌ನಲ್ಲಿ (ಆ ಆಟದ ಮ್ಯಾಪ್ ಕಟ್ಟುವ ತಂತ್ರಾಂಶ). ಇನ್ನೊಂದು, ಮೈನ್‌ಕ್ರಾಫ್ಟ್ ಜಾವಾದಲ್ಲಿ ಮಿರ್ಜಾನ್ ಕೋಟೆ. ಎಲ್ಲ ಸೇರಿ 40 ಜಿಬಿ ಆಸುಪಾಸು. ಅದರಲ್ಲಿ ಮುಕ್ಕಾಲು ಪಾಲು ಟೆಕ್ಸ್ಚರ್‌ಗಳ (ಮೇಲ್ಮೈ ಚಿತ್ರಗಳ) ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲುಗಳು, ಮತ್ತು 3ಡಿ ಮಾಡೆಲುಗಳ ಬ್ಲೆಂಡರ್ ಫೈಲುಗಳೇ. ಸದ್ಯಕ್ಕೆ ವಿಎಂಎಫ್ (ಹ್ಯಾಮರ್‌ನ ಮೂಲ ಮ್ಯಾಪ್ ಫೈಲು) ಇರುವ ಫೋಲ್ಡರ್ ಮಾತ್ರ ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದೆ, ಉಳಿದದ್ದೆಲ್ಲ ಒಂದೇ ಕಂಪ್ಯೂಟರಿನಲ್ಲಿ.

ಆಟಗಾರರಿಗೆ ಕೊಡುವ ಬಿಎಸ್‌ಪಿ ಫೈಲು ಹೇಗೂ ಪ್ರಕಟವಾಗಿದೆ, ಬೇಕಾದಾಗ ಅದನ್ನು ಡಿಕಂಪೈಲ್ ಮಾಡಿ ಮೂಲ ಫೈಲು ವಾಪಸ್ ಪಡೆಯಬಹುದು ಎಂಬುದು ಗುಂಪಿನಲ್ಲಿ ಒಬ್ಬರ ವಾದ. ಅದು ಎಷ್ಟು ಸರಿ? ಹ್ಯಾಮರ್ ಮ್ಯಾಪಿಗೆ ಏನೇನು ಎತ್ತಿಡಬೇಕು, ಮೈನ್‌ಕ್ರಾಫ್ಟ್‌ಗೆ ಏನೇನು? ಜೂನ್ ಬರುವುದರೊಳಗೆ ಒಂದು ವ್ಯವಸ್ಥೆ ಆಗಬೇಕು.

ಕರಿಈಶಾಡ (ಅಂಕೋಲಾ)

ಡಿಕಂಪೈಲ್ ವಾದವನ್ನು ಮೊದಲು ಬಿಡಿ. ತೊಡೆದೇವು ತಿಂದು ಅದರಿಂದ ಕಬ್ಬಿನ ಹಾಲು ವಾಪಸ್ ಹಿಂಡುತ್ತೇನೆ ಅಂದ ಹಾಗಾಯ್ತು ಅದು.

ಡಿಕಂಪೈಲ್ ಮಾಡುವ ಬಿಎಸ್‌ಪಿಸೋರ್ಸ್ ಒಳ್ಳೆಯ ಉಪಕರಣವೇ, ಆದರೆ ಬಿಎಸ್‌ಪಿಯಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ವಿಸ್‌ಗ್ರೂಪ್‌ಗಳು (ಹ್ಯಾಮರ್‌ನಲ್ಲಿ ತೋರಿಸಲು, ಅಡಗಿಸಲು ಮಾಡಿಕೊಂಡ ಗುಂಪುಗಳು) ಕಂಪೈಲ್ ಆಗುವಾಗಲೇ ಹೋದವು. ಫಂಕ್_ಇನ್‌ಸ್ಟನ್ಸ್ (ಬೇರೆ ವಿಎಂಎಫನ್ನು ಮ್ಯಾಪಿನೊಳಗೆ ಜೋಡಿಸುವ ಕೊಂಡಿ) ಹಾಕಿ ಹತ್ತು ಕಡೆ ಬಳಸಿದ ಒಂದು ಗೋದಾಮು, ವಾಪಸ್ ಬರುವಾಗ ಹತ್ತು ಬೇರೆ ಬೇರೆ ಗೋದಾಮುಗಳಾಗಿ ಬರುತ್ತದೆ. ಒಂದರ ಬಾಗಿಲು ತಿದ್ದಿದರೆ ಉಳಿದ ಒಂಬತ್ತನ್ನೂ ಕೈಯಿಂದ ತಿದ್ದಬೇಕು. ಯಾವ ಯಾವ ಬ್ರಶ್‌ಗಳು (ಮ್ಯಾಪ್ ಕಟ್ಟುವ ಘನಾಕೃತಿಗಳು) ಸೇರಿ ಒಂದು ಫಂಕ್_ಡೀಟೇಲ್ (ಸಣ್ಣ ವಿವರದ ಭಾಗ) ಆಗಿದ್ದವು ಎಂಬುದನ್ನು ಅದು ಊಹಿಸಬೇಕಾಗುತ್ತದೆ. ಗೋಡೆಯ ಹಿಂದೆ ಅಡಗಿದ ಮುಖಗಳ ಟೆಕ್ಸ್ಚರೂ ಉಳಿಯುವುದಿಲ್ಲ, ಆ ಗೋಡೆ ಸರಿಸಿದಾಗ ನೋಡ್ರಾ ಎಂಬ ಟೆಕ್ಸ್ಚರಿನ (ಆಟದಲ್ಲಿ ಕಾಣಿಸದ ಮುಖದ ಗುರುತು) ಹಳದಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಎಂಟಿಟಿಗಳ (ಬಾಗಿಲು, ದೀಪದಂಥ ವಸ್ತುಗಳ) ಹೆಸರು, ಔಟ್‌ಪುಟ್ ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಬರುತ್ತವೆ.

ಪ್ಯಾಕ್ ಮಾಡಿದ ಟೆಕ್ಸ್ಚರುಗಳನ್ನು ಬಿಎಸ್‌ಪಿಝಿಪ್‌ನಿಂದ ಹೊರತೆಗೆಯಬಹುದು. ಸಿಗುವುದು ವಿಟಿಎಫ್, ಅಂದರೆ ಆಗಲೇ ಡಿಎಕ್ಸ್‌ಟಿಯಲ್ಲಿ ಹಿಂಡಿದ ಚಿತ್ರ. ಪಿಎಸ್‌ಡಿಯ ಲೇಯರುಗಳು ಅದರಲ್ಲಿಲ್ಲ. ಮಾಡೆಲುಗಳದ್ದೂ ಅದೇ ಕತೆ: ಕ್ರೋಬಾರ್ ಎಂಬ ಉಪಕರಣ ಎಸ್‌ಎಂಡಿ (ಆಕಾರ) ಮತ್ತು ಕ್ಯೂಸಿ (ಕಂಪೈಲ್ ಸೂಚನೆ) ಕೊಡುತ್ತದೆ, ಬ್ಲೆಂಡರಿನಲ್ಲಿ ಹಾಕಿದ ಮಾಡಿಫೈಯರುಗಳನ್ನು ಕೊಡುವುದಿಲ್ಲ.

ಹಾಗಾಗಿ ಎತ್ತಿಡಬೇಕಾದದ್ದು ಇವು. ಎಲ್ಲ ವಿಎಂಎಫ್‌ಗಳು, ಇನ್‌ಸ್ಟನ್ಸ್ ವಿಎಂಎಫ್‌ಗಳನ್ನು ಮರೆಯದೆ. ವಿಎಂಟಿ (ಮೆಟೀರಿಯಲ್ ವಿವರ), ವಿಟಿಎಫ್, ಮತ್ತು ಅವುಗಳ ಮೂಲವಾದ ಪಿಎಸ್‌ಡಿ ಅಥವಾ ಟಿಜಿಎ. ಮಾಡೆಲಿಗೆ ಬ್ಲೆಂಡರ್ ಫೈಲು, ಎಸ್‌ಎಂಡಿ, ಕ್ಯೂಸಿ, ಕಂಪೈಲ್ ಆದ ಎಂಡಿಎಲ್ ಮತ್ತು ಅದರ ಜೊತೆಯ ಫೈಲುಗಳು. ಧ್ವನಿಗಳು, ಸೌಂಡ್‌ಸ್ಕೇಪ್ ಟೆಕ್ಸ್ಟ್, ಪಾರ್ಟಿಕಲ್ ಫೈಲು. ಜನ ಮರೆಯುವುದು ಮುಂದಿನದ್ದನ್ನು: ಹ್ಯಾಮರ್‌ನ ಎಕ್ಸ್‌ಪರ್ಟ್ ಕಂಪೈಲ್ ಸೆಟ್ಟಿಂಗ್ ಕೂತಿರುವ ಸಿಎಂಡಿಸೀಕ್ ಡಾಟ್ ಡಬ್ಲ್ಯುಸಿ, ಗೇಮ್‌ಕಾನ್ಫಿಗ್, ಮತ್ತು ಬೇರೆ ಎಫ್‌ಜಿಡಿ (ಎಂಟಿಟಿಗಳ ಪಟ್ಟಿ) ಸೇರಿಸಿಕೊಂಡಿದ್ದರೆ ಅದು. ಇವೆಲ್ಲ ಗೇಮಿನ ಬಿನ್ ಫೋಲ್ಡರಿನ ಆಸುಪಾಸಿನಲ್ಲೇ ಇರುತ್ತವೆ, ಮ್ಯಾಪ್ ಫೋಲ್ಡರಿನಲ್ಲಿ ಇರುವುದಿಲ್ಲ. ಬೆಳಕಿನ ಲೆಕ್ಕ ಹಾಕುವ ವಿರ್ಯಾಡ್‌ಗೆ ಯಾವ ಸ್ವಿಚ್ ಕೊಟ್ಟಿರಿ, ಫೈನಲ್ ಇತ್ತೇ, ಸ್ಟ್ಯಾಟಿಕ್ ಪ್ರಾಪ್ ಲೈಟಿಂಗ್ ಇತ್ತೇ ಎಂದು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಎರಡು ವರ್ಷ ಬಿಟ್ಟು ಕಂಪೈಲ್ ಮಾಡಿದಾಗ ಬೆಳಕು ಬೇರೆಯಾಗಿ ಕಾಣುವುದಕ್ಕೆ ಮುಕ್ಕಾಲು ಸಲ ಕಾರಣ ಇದೇ.

ಕಂಪೈಲ್ ಆಗುವಾಗ ಹುಟ್ಟುವ ಪಿಆರ್‌ಟಿ, ಲಿನ್, ಲಾಗ್ ಫೈಲುಗಳು ಬೇಡ, ಅವು ಮತ್ತೆ ಹುಟ್ಟುತ್ತವೆ. ಪ್ರಕಟಿಸಿದ ಬಿಎಸ್‌ಪಿ ಮಾತ್ರ ಎ1, ಬಿ3, ಆರ್‌ಸಿ2 ಎಂದು ಒಂದೊಂದನ್ನೂ ಇಡಿ. ಆಟಗಾರನೊಬ್ಬ ದೋಷ ಹೇಳಿದಾಗ ಅವನ ಹತ್ತಿರ ಯಾವ ಆವೃತ್ತಿ ಇದೆ ಎಂದು ನೋಡಲು ಬೇಕಾಗುತ್ತದೆ.

ಇನ್ನೊಂದು ಮಾತು. ಕೆಲಸದ ಫೋಲ್ಡರ್ ಗೇಮಿನ ಒಳಗೇ ಇದ್ದರೆ ಅದನ್ನು ಹೊರಗೆ, ಬೇರೆ ಡ್ರೈವಿಗೆ ತಂದುಬಿಡಿ. ಕಸ್ಟಮ್ ಫೋಲ್ಡರಿನಲ್ಲಿ ವಿಂಡೋಸ್‌ನ ಎಂಕೆಲಿಂಕ್ ಆಜ್ಞೆಯಿಂದ ಒಂದು ಜಂಕ್ಷನ್ ಮಾಡಿ ಹೊರಗಿನ ಫೋಲ್ಡರಿಗೆ ಕೊಂಡಿ ಹಾಕಿದರೆ ಹ್ಯಾಮರ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬ್ಯಾಕಪ್ ತೆಗೆಯುವಾಗ ನಿಜವಾದ ಫೋಲ್ಡರನ್ನು ಕೊಡಿ, ಜಂಕ್ಷನ್ ಇರುವ ಜಾಗವನ್ನಲ್ಲ.

ತದಡಿ_ದಕ್ಕೆ

ಇಷ್ಟೆಲ್ಲ ಬೇಕಾ ಮಾರಾಯ್ರೆ? ಗೂಗಲ್ ಡ್ರೈವ್ ಹಳೆಯ ಆವೃತ್ತಿ ಇಟ್ಟುಕೊಳ್ಳುತ್ತದೆ. 15 ಜಿಬಿ ಸಾಲದಿದ್ದರೆ ದುಡ್ಡು ಕೊಟ್ಟು ಜಾಗ ತಗೊಂಡರಾಯ್ತು.

ಘಟ್ಟದಮೇಲೆ (ಶಿರಸಿ)

ತದಡಿ ಅವರೇ, ಡ್ರೈವ್ ಇಂಥ ಫೈಲುಗಳ ಹಳೆಯ ಆವೃತ್ತಿಯನ್ನು 30 ದಿನ ಇಲ್ಲವೇ 100 ಆವೃತ್ತಿಯವರೆಗೆ ಇಡುತ್ತದೆ, ಆಮೇಲೆ ಅಳಿಸುತ್ತದೆ. ಮ್ಯಾಪ್ ಕೆಲಸದಲ್ಲಿ ಹಾಳಾದದ್ದು ಕಣ್ಣಿಗೆ ಬೀಳುವುದೇ ತಡವಾಗಿ. ಎಪ್ರಿಲಿನಲ್ಲಿ ತೆಗೆದು ಹಾಕಿದ ಟೆಕ್ಸ್ಚರ್ ಫೋಲ್ಡರ್ ಬೇಕಿತ್ತು ಎಂದು ಆಗಸ್ಟಿನಲ್ಲಿ ಗೊತ್ತಾಗುತ್ತದೆ. ಸಿಂಕ್ ಎಂದರೆ ಕನ್ನಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಿತು. ವಿಂಡೋಸ್‌ನ ನಕಲು ಆಜ್ಞೆ ರೋಬೋಕಾಪಿಯ ಎಂಐಆರ್ ಸ್ವಿಚ್ಚೂ ಹಾಗೆಯೇ, ಮೂಲ ಮತ್ತು ಗುರಿ ಅದಲುಬದಲಾದರೆ ಒಂದು ಎಂಟರಿಗೆ ಒಳ್ಳೆಯ ಪ್ರತಿ ಖಾಲಿ.

ನಾನು ಹೇಳುವುದು ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಫೈಲನ್ನು ತುಂಡುಗಳಾಗಿ ನೋಡಿ ಹೊಸ ತುಂಡನ್ನಷ್ಟೇ ಬರೆಯುವುದರಿಂದ ದಿನಕ್ಕೊಂದು ಪ್ರತಿ ತೆಗೆದರೂ 40 ಜಿಬಿ ದಿನವೂ ಸೇರುವುದಿಲ್ಲ. ದಿನದ್ದು 7, ವಾರದ್ದು 5, ತಿಂಗಳಿನದ್ದು 12 ಉಳಿಸುವಂತೆ ಫರ್ಗೆಟ್ ಮತ್ತು ಪ್ರೂನ್ (ಹಳೆಯ ಪ್ರತಿ ತೆಗೆಯುವ ಆಜ್ಞೆಗಳು) ಹೊಂದಿಸಿ. ಎಲ್ಲವೂ ಗೂಢಲಿಪಿಯಲ್ಲಿ ಇರುತ್ತದೆ. ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗುವುದಿಲ್ಲ, ಕಾಗದದಲ್ಲಿ ಬರೆದು ಮೂವರ ಮನೆಯಲ್ಲೂ ಇಡಿ. ತಿಂಗಳಿಗೊಮ್ಮೆ ಚೆಕ್ ಆಜ್ಞೆಯನ್ನು ರೀಡ್ ಡೇಟಾ ಜೊತೆ ಓಡಿಸಿ. ಬರೀ ಚೆಕ್ ಓಡಿಸಿದರೆ ಪಟ್ಟಿ ಸರಿ ಇದೆಯೋ ಎಂದಷ್ಟೇ ನೋಡುತ್ತದೆ, ಡಿಸ್ಕಿನಲ್ಲಿರುವ ಡೇಟಾ ಓದುವುದಿಲ್ಲ.

ಜಾಗಗಳು: ಕೆಲಸದ ಕಂಪ್ಯೂಟರ್, ಕಾರವಾರದಲ್ಲಿ ಒಂದು ಹಾರ್ಡ್ ಡಿಸ್ಕ್, ಶಿರಸಿಯಲ್ಲಿ ಇನ್ನೊಂದು. 1 ಟಿಬಿಯ ಎರಡು ಧಾರಾಳ ಸಾಕು. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಿ. ಸದಾ ಸಿಕ್ಕಿಸಿಕೊಂಡಿದ್ದರೆ ಸಿಡಿಲು ಬಂದಾಗ ಕಂಪ್ಯೂಟರಿನ ಜೊತೆಗೇ ಹೋಗುತ್ತದೆ, ವೈರಸ್ ಬಂದಾಗಲೂ ಅಷ್ಟೇ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಜೊತೆ ಇಂಟರ್ನೆಟ್ ಪೆಟ್ಟಿಗೆಯಿಂದ ಬರುವ ಲ್ಯಾನ್ ತಂತಿಯನ್ನೂ ತೆಗೆಯಿರಿ. ಬ್ರಾಡ್‌ಬ್ಯಾಂಡ್ ಫೈಬರ್ ಆದರೂ ಆ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನದೇ. ಯುಪಿಎಸ್ ಇರುವುದು ಸೇವ್ ಮಾಡಿ ಮುಚ್ಚಲು ಐದು ನಿಮಿಷ ಸಿಗಲಿ ಎಂದು.

ಪೆನ್‌ಡ್ರೈವನ್ನೂ ಎಸ್‌ಎಸ್‌ಡಿಯನ್ನೂ ವರ್ಷಗಟ್ಟಲೆ ಕಪಾಟಿನಲ್ಲಿಡಲು ನಂಬಬೇಡಿ. ಕರೆಂಟ್ ಸಿಗದೆ ಬಿದ್ದಿದ್ದರೆ ಅದರ ಕೋಶಗಳ ಚಾರ್ಜ್ ಮೆಲ್ಲಗೆ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ತಿರುಗುವ ಹಾರ್ಡ್ ಡಿಸ್ಕ್ ಈ ಕೆಲಸಕ್ಕೆ ವಾಸಿ. ಅದರ ವೈರಿ ತೇವ, ಕರಾವಳಿಯಲ್ಲಿ ಅದರ ಜೊತೆ ಉಪ್ಪುಗಾಳಿ. ಯುಎಸ್‌ಬಿ ತುದಿಯ ಲೋಹ ಕಪ್ಪಾಗಿ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ, ಜನ ಡಿಸ್ಕೇ ಕೆಟ್ಟಿತು ಎಂದು ಎಸೆಯುತ್ತಾರೆ. ಮೊದಲು ಕೇಬಲ್ ಬದಲಿಸಿ ನೋಡಿ. ಇಡುವ ಕ್ರಮ ಹಲಸಿನ ಹಪ್ಪಳದ್ದೇ: ಮಳೆಗೆ ಮೊದಲು, ಬಿಸಿಲಿರುವ ಒಣ ದಿನ, ಗಾಳಿಯಾಡದ ಡಬ್ಬಿ. ಜೊತೆಗೆ ನೀಲಿ ಸಿಲಿಕಾ ಜೆಲ್ ಒಂದು ಹಿಡಿ, ಬಟ್ಟೆಯಲ್ಲಿ ಕಟ್ಟಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ತುಂಬಿತು ಎಂದರ್ಥ. 110 ಡಿಗ್ರಿ ಆಸುಪಾಸಿನ ಓವನ್‌ನಲ್ಲಿ ಕಾಯಿಸಿದರೆ ಮತ್ತೆ ನೀಲಿ. (ಅಡುಗೆಯ ಪಾತ್ರೆಯಲ್ಲಿ ಬೇಡ, ಆ ನೀಲಿ ಬಣ್ಣ ಕೋಬಾಲ್ಟಿನದು.) ತಂಪಾದ ಜಾಗದಿಂದ ತೆಗೆದ ಡಿಸ್ಕನ್ನು ಕೂಡಲೇ ಚಾಲೂ ಮಾಡಬೇಡಿ, ಒಂದು ಗಂಟೆ ಕೋಣೆಯ ಬಿಸಿಗೆ ಹೊಂದಲಿ.

ಡಿಸ್ಕ್‌ಗಳ ಅದಲುಬದಲು ಮೇ ತಿಂಗಳೊಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಎಂದು ನಂಬಿ ಕೂರುವಂತಿಲ್ಲ. ನಾಲ್ಕನೆಯ ಪ್ರತಿ ಆನ್‌ಲೈನಿನಲ್ಲಿ ಬೇಕಿದ್ದರೆ ಲೆಕ್ಕ ಮೊದಲೇ ಹಾಕಿ: ಅಪ್‌ಲೋಡ್ 5 ಎಂಬಿಪಿಎಸ್ ಇದ್ದರೆ 40 ಜಿಬಿಗೆ ಸುಮಾರು 18 ಗಂಟೆ, ಅದೂ ನಡುವೆ ಕಡಿಯದಿದ್ದರೆ. ಮೊದಲ ಸಲದ್ದು ಎರಡು ಮೂರು ರಾತ್ರಿ ಹಿಡಿಯುತ್ತದೆ, ಆಮೇಲೆ ದಿನಕ್ಕೆ ಕೆಲವೇ ನಿಮಿಷ.

ಚಿರೆಕಲ್ಲು (ಕುಮಟಾ)

ಮಿರ್ಜಾನ್ ಕೋಟೆಯ ವಿಷಯಕ್ಕೆ ಬರುತ್ತೇನೆ.

ವರ್ಲ್ಡ್ ಫೋಲ್ಡರನ್ನು ಇಡಿಯಾಗಿ ಎತ್ತಿ. ಬ್ಲಾಕುಗಳಿರುವ ರೀಜನ್ ಫೋಲ್ಡರ್ ಒಂದೇ ಸಾಕು ಎನ್ನುವವರಿದ್ದಾರೆ. 1.17ರಿಂದ ಎಂಟಿಟಿಗಳು ಬೇರೆ ಫೋಲ್ಡರಿಗೆ ಹೋಗಿವೆ. ರೀಜನ್ ಮಾತ್ರ ವಾಪಸ್ ಹಾಕಿದರೆ ಕಲ್ಲಿನ ಗೋಡೆ, ಬುರುಜು, ಬಾವಿ ಎಲ್ಲ ಬರುತ್ತವೆ, ಗೋಡೆಯಲ್ಲಿದ್ದ ಐಟಂ ಫ್ರೇಮ್, ಪೇಂಟಿಂಗ್, ಆರ್ಮರ್ ಸ್ಟ್ಯಾಂಡ್ ಒಂದೂ ಇರುವುದಿಲ್ಲ.

ಸರ್ವರ್ ಓಡುತ್ತಿರುವಾಗ ನೇರ ಕಾಪಿ ಮಾಡಬಾರದು. ಒಂದು ರೀಜನ್ ಫೈಲಿನಲ್ಲಿ 32 ಗುಣಿಲೆ 32 ಚಂಕ್ (ವರ್ಲ್ಡಿನ ತುಂಡು) ಇರುತ್ತವೆ. ಕಾಪಿ ಅರ್ಧಕ್ಕೆ ಬಂದಾಗ ಸರ್ವರ್ ಅದೇ ಫೈಲಿಗೆ ಬರೆದರೆ ಪ್ರತಿಯಲ್ಲಿ ಶಿರೋಭಾಗ ಹಳೆಯದು, ಒಳಗಿನ ಚಂಕ್ ಹೊಸದು. ತೆರೆದಾಗ ಚೌಕಾಕಾರದ ಗುಂಡಿ, ಇಲ್ಲವೇ ಹೊಸದಾಗಿ ಹುಟ್ಟಿದ ಕಾಡು. ಕನ್ಸೋಲಿನಲ್ಲಿ ಸೇವ್-ಆಫ್, ಆಮೇಲೆ ಸೇವ್-ಆಲ್ ಫ್ಲಶ್, ಕಾಪಿ, ಕೊನೆಗೆ ಸೇವ್-ಆನ್. ಕೊನೆಯದನ್ನು ಮರೆತರೆ ಅಲ್ಲಿಂದ ಮುಂದೆ ತಾನಾಗಿ ಸೇವ್ ಆಗುವುದು ನಿಂತೇ ಇರುತ್ತದೆ, ಆಗ ಕರೆಂಟ್ ಹೋದರೆ ಅಷ್ಟು ಹೊತ್ತಿನ ಕೆಲಸ ನೀರುಪಾಲು. ಹಾಗಾಗಿ ಸ್ಕ್ರಿಪ್ಟಿನಲ್ಲಿ ಕಾಪಿ ವಿಫಲವಾದರೂ ಸೇವ್-ಆನ್ ಓಡುವಂತೆ ಬರೆಯಿರಿ. ಒಬ್ಬರೇ ಆಡುವ ವರ್ಲ್ಡ್ ಆದರೆ ಎಡಿಟ್ ಪುಟದಲ್ಲೇ ಬ್ಯಾಕಪ್ ಗುಂಡಿ ಇದೆ, ಝಿಪ್ ಮಾಡಿ ಬ್ಯಾಕಪ್ಸ್ ಫೋಲ್ಡರಿಗೆ ಹಾಕುತ್ತದೆ.

ವರ್ಲ್ಡ್‌ಎಡಿಟ್ ಸ್ಕೀಮ್ಯಾಟಿಕ್‌ಗಳು (ಉಳಿಸಿಕೊಂಡ ಕಟ್ಟಡದ ಭಾಗಗಳು) ವರ್ಲ್ಡ್ ಒಳಗಿಲ್ಲ, ಪ್ಲಗಿನ್ ಅಥವಾ ಕಾನ್ಫಿಗ್ ಫೋಲ್ಡರಿನಲ್ಲಿವೆ. ಚಿರೆಕಲ್ಲಿಗೆ ರಿಸೋರ್ಸ್ ಪ್ಯಾಕ್ ಮಾಡಿಕೊಂಡಿದ್ದರೆ ಅದೂ ಬೇರೆಯೇ. ಮತ್ತೆ, ಹೊಸ ಆವೃತ್ತಿಯಲ್ಲಿ ವರ್ಲ್ಡ್ ತೆರೆಯುವ ಮೊದಲು ಒಂದು ಪ್ರತಿ ತೆಗೆದು ಫೋಲ್ಡರಿನ ಹೆಸರಿಗೆ ಆವೃತ್ತಿಯ ಸಂಖ್ಯೆ ಸೇರಿಸಿ. ಒಮ್ಮೆ ಬದಲಾದ ಚಂಕ್ ಹಿಂದಿನ ಆವೃತ್ತಿಗೆ ಮರಳುವುದಿಲ್ಲ.

ಬೈತಖೋಲ_ಬ್ರಶ್ (ಕಾರವಾರ)

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಿಬಿಡುತ್ತೇನೆ. ವಿಎಂಎಫ್ ಟೆಕ್ಸ್ಟ್ ಫೈಲು ತಾನೇ, ಗಿಟ್‌ನಲ್ಲಿ (ತಿದ್ದುಪಡಿಗಳ ಚರಿತ್ರೆ ಇಡುವ ತಂತ್ರಾಂಶ) ಇಟ್ಟು ಮೂವರೂ ಏಕಕಾಲಕ್ಕೆ ತಿದ್ದಬಹುದೇ? ಸೇವ್ ಆಗುವಾಗಲೇ ಕರೆಂಟ್ ಹೋಗಿ ವಿಎಂಎಫ್ ತೆರೆಯದಿದ್ದರೆ ದಾರಿ ಏನಾದರೂ ಇದೆಯೇ?

ಕರಿಈಶಾಡ (ಅಂಕೋಲಾ)

ಗಿಟ್‌ನಲ್ಲಿ ಇಡಿ, ಚರಿತ್ರೆ ನೋಡಲು ಚೆನ್ನಾಗಿದೆ. ಒಂದೇ ವಿಎಂಎಫನ್ನು ಇಬ್ಬರು ತಿದ್ದಿ ಆಮೇಲೆ ಮರ್ಜ್ ಮಾಡಲು (ಒಂದಾಗಿ ಬೆಸೆಯಲು) ಹೋಗಬೇಡಿ. ಪ್ರತಿ ಬ್ರಶ್‌ಗೂ ಮುಖಕ್ಕೂ ಒಂದು ಐಡಿ ಸಂಖ್ಯೆ ಇರುತ್ತದೆ, ಇಬ್ಬರ ಹ್ಯಾಮರೂ ಹೊಸ ಬ್ರಶ್‌ಗೆ ಅದೇ ಸಂಖ್ಯೆ ಕೊಟ್ಟಿರುತ್ತದೆ. ಜೊತೆಗೆ ಸೇವ್ ಮಾಡಿದಾಗಲೆಲ್ಲ ಮ್ಯಾಪ್‌ವರ್ಶನ್ ಏರುತ್ತದೆ, ಕ್ಯಾಮೆರಾದ ಜಾಗವೂ ಬರೆಯಲ್ಪಡುತ್ತದೆ, ಏನೂ ತಿದ್ದದೆ ಬರೀ ತೆರೆದು ಸೇವ್ ಮಾಡಿದರೂ ಡಿಫ್ (ವ್ಯತ್ಯಾಸ) ತೋರಿಸುತ್ತದೆ. ಮ್ಯಾಪನ್ನು ಇನ್‌ಸ್ಟನ್ಸ್‌ಗಳಾಗಿ ಒಡೆಯಿರಿ: ದಕ್ಕೆ ಒಬ್ಬರಿಗೆ, ಐಸ್ ಫ್ಯಾಕ್ಟರಿ ಒಬ್ಬರಿಗೆ, ಗುಡ್ಡದ ಕಡೆ ಇನ್ನೊಬ್ಬರಿಗೆ. ಒಂದು ಫೈಲಿಗೆ ಒಬ್ಬ ಯಜಮಾನ. ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ಒಪ್ಪುವುದಿಲ್ಲ, ಹಾಗಾಗಿ ಪಿಎಸ್‌ಡಿ ಅಲ್ಲಿಗೆ ಬೇಡ, ಅವು ರೆಸ್ಟಿಕ್‌ಗೇ ಹೋಗಲಿ. ಬಿಎಸ್‌ಪಿ, ಪಿಆರ್‌ಟಿ, ವಿಎಂಎಕ್ಸ್ ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಬಿಟ್ಟುಬಿಡಬೇಕಾದ ಪಟ್ಟಿಗೆ.

ಕರೆಂಟ್ ಹೋದದ್ದಕ್ಕೆ: ಮೊದಲು ಆ ಫೋಲ್ಡರಿನ ಪ್ರತಿ ತೆಗೆದು ಪ್ರತಿಯ ಮೇಲೆ ಕೆಲಸ ಮಾಡಿ. ಪಕ್ಕದಲ್ಲೇ ಅದೇ ಹೆಸರಿನ ವಿಎಂಎಕ್ಸ್ ಇರುತ್ತದೆ, ಅದು ಹಿಂದಿನ ಸೇವ್. ಹೆಸರಿನ ಕೊನೆಯನ್ನು ವಿಎಂಎಫ್ ಎಂದು ಬದಲಿಸಿ ತೆರೆಯಿರಿ. ಆಟೋಸೇವ್ ಎಲ್ಲಿ ಬೀಳುತ್ತದೆ ಎಂದು ಹ್ಯಾಮರ್ ಆಯ್ಕೆಗಳ ಜನರಲ್ ಪುಟದಲ್ಲಿದೆ, ಅಲ್ಲೂ ನೋಡಿ.

ಎರಡೂ ಇಲ್ಲದಿದ್ದರೆ ಕೆಟ್ಟ ವಿಎಂಎಫನ್ನು ನೋಟ್‌ಪ್ಯಾಡ್++ನಲ್ಲಿ ತೆರೆಯಿರಿ. ಸಾಲುಸಾಲು ನಲ್ ಎಂದು ಕಂಡರೆ ಅದರಲ್ಲಿ ಏನೂ ಉಳಿದಿಲ್ಲ. ಅಕ್ಷರ ಕಾಣುತ್ತಿದ್ದು ಬಾಲ ಮಾತ್ರ ತುಂಡಾಗಿದ್ದರೆ ಅದೃಷ್ಟ. ಫೈಲಿನ ಕ್ರಮ ಹೀಗಿದೆ: ಮೇಲೆ ವರ್ಶನ್‌ಇನ್ಫೋ, ವಿಸ್‌ಗ್ರೂಪ್, ಆಮೇಲೆ ವರ್ಲ್ಡ್ ಎಂಬ ದೊಡ್ಡ ಆವರಣ, ಅದರೊಳಗೆ ಸಾಲಿಡ್‌ಗಳು (ಬ್ರಶ್‌ಗಳು), ಅದು ಮುಗಿದ ಮೇಲೆ ಎಂಟಿಟಿಗಳು, ಕೊನೆಗೆ ಕ್ಯಾಮೆರಾ ಮತ್ತು ಕಾರ್ಡನ್. ಎಂಟಿಟಿಗಳ ನಡುವೆ ಕಡಿದಿದ್ದರೆ ವರ್ಲ್ಡ್ ಬ್ರಶ್‌ಗಳೆಲ್ಲ ಸುರಕ್ಷಿತ. ಅರ್ಧವಾದ ಕೊನೆಯ ಎಂಟಿಟಿಯನ್ನು ಎಂಟಿಟಿ ಎಂದು ಶುರುವಾಗುವ ಸಾಲಿನಿಂದ ಹಿಡಿದು ಅಳಿಸಿ, ಸೇವ್ ಮಾಡಿ, ತೆರೆದುಕೊಳ್ಳುತ್ತದೆ. ಕ್ಯಾಮೆರಾ, ಕಾರ್ಡನ್ ಇಲ್ಲದಿದ್ದರೂ ಹ್ಯಾಮರ್ ತಕರಾರು ಮಾಡುವುದಿಲ್ಲ. ವರ್ಲ್ಡ್ ಒಳಗೇ ಕಡಿದಿದ್ದರೆ ಕೊನೆಯ ಪೂರ್ತಿ ಸಾಲಿಡ್‌ನ ಮುಚ್ಚುವ ಆವರಣದವರೆಗೆ ಹಿಂದೆ ಬನ್ನಿ, ಅದರ ಕೆಳಗಿನದನ್ನೆಲ್ಲ ಅಳಿಸಿ, ವರ್ಲ್ಡ್ ಮುಚ್ಚಲು ಇನ್ನೊಂದು ಆವರಣ ಹಾಕಿ. ಎಂಟಿಟಿಗಳನ್ನು ಮಾತ್ರ ಆ ಹಳೆಯ ಬಿಎಸ್‌ಪಿಯಿಂದ ಡಿಕಂಪೈಲ್ ಮಾಡಿ ನಕಲಿಸಿಕೊಳ್ಳಿ. ನಿಮ್ಮ ಗುಂಪಿನವರ ವಾದಕ್ಕೆ ಇಷ್ಟು ಮಟ್ಟಿಗೆ ಜಾಗ ಇದೆ.

ಘಟ್ಟದಮೇಲೆ (ಶಿರಸಿ)

ಒಂದು ಬಿಟ್ಟುಹೋಗಿತ್ತು. ವ್ಯವಸ್ಥೆ ಆದ ಮೇಲೆ ನಿಮ್ಮ ಗುಂಪಿನ ಶಿರಸಿಯವರ ಕಂಪ್ಯೂಟರಿನಲ್ಲಿ, ಹೊಸದಾಗಿ ಹಾಕಿದ ಗೇಮಿನಲ್ಲಿ, ಕಸ್ಟಮ್ ಫೋಲ್ಡರ್ ಖಾಲಿ ಇರುವಾಗ ಡಿಸ್ಕಿನಿಂದ ಎಲ್ಲ ತೆಗೆದು ಮ್ಯಾಪ್ ಕಂಪೈಲ್ ಮಾಡಿಸಿ. ವಿವಿಸ್ (ಎಲ್ಲಿಂದ ಏನು ಕಾಣುತ್ತದೆ ಎಂಬ ಲೆಕ್ಕ) ಫಾಸ್ಟ್ ಸಾಕು. ಮಾಡಿದವರ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದರೆ ಗೇಮ್ ಫೋಲ್ಡರಿನ ಮೂಲೆಯಲ್ಲಿ ಬಿದ್ದಿರುವ ಫೈಲನ್ನೇ ಎತ್ತಿಕೊಂಡು ಎಲ್ಲ ಸರಿ ಇದೆ ಎಂದು ತೋರಿಸುತ್ತದೆ. ಇಲ್ಲಿ ಗೋಡೆಗೆ ನೇರಳೆ-ಕಪ್ಪು ಚೌಕಳಿ ಬಂದರೆ ಆ ವಿಎಂಟಿ ಅಥವಾ ವಿಟಿಎಫ್ ಬ್ಯಾಕಪ್‌ಗೆ ಸೇರಿಲ್ಲ. ದೋಣಿಯ ಜಾಗದಲ್ಲಿ ಕೆಂಪು ಎರರ್ ಅಕ್ಷರ ನಿಂತಿದ್ದರೆ ಎಂಡಿಎಲ್ ಬಿಟ್ಟುಹೋಗಿದೆ. ದೋಣಿ ಕಂಡು ಅದರ ಮೈಮೇಲೆ ಮಾತ್ರ ಚೌಕಳಿ ಇದ್ದರೆ ಅದರ ವಿಎಂಟಿ ಅಥವಾ ವಿಟಿಎಫ್ ಬಿಟ್ಟುಹೋಗಿದೆ, ಇಲ್ಲವೇ ಕ್ಯೂಸಿಯಲ್ಲಿ ಬರೆದ ಮೆಟೀರಿಯಲ್ ದಾರಿ ಮತ್ತು ಫೋಲ್ಡರಿನ ಹೆಸರು ತಾಳೆಯಾಗುತ್ತಿಲ್ಲ. ಪಟ್ಟಿ ಮಾಡಿಕೊಂಡು ಕಾರವಾರಕ್ಕೆ ಕಳಿಸಿ, ಕಾಣೆಯಾದವನ್ನು ಸೇರಿಸಿ ಇನ್ನೊಮ್ಮೆ ಓಡಿಸಿ.