ಆಕ್ಟಲ್ ಸಂಖ್ಯೆ ಪರೀಕ್ಷೆಗಷ್ಟೇನಾ?

ಪೆರ್ಲದ ಅಮ್ಮ: ಮಗಳು ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಕಾಸರಗೋಡಿನಲ್ಲಿ ಪ್ಲಸ್ ಒನ್. ಕಂಪ್ಯೂಟರ್ ಪಾಠದಲ್ಲಿ ಆಕ್ಟಲ್ ಬಂದಿದೆ. ಅಂಕೆಗಳು 0ರಿಂದ 7ರವರೆಗೆ ಮಾತ್ರ, ಎಂಟಾದರೆ 10 ಅಂತ ಬರೆಯಬೇಕು. ಲೆಕ್ಕ ಮಾಡುತ್ತಾಳೆ, ಆದರೆ ಇದು ಯಾಕೆ ಅಂತ ಕೇಳುತ್ತಾಳೆ. ಏನು ಹೇಳಲಿ?

ಮಂಜೇಶ್ವರ ಟೆಕ್ಕಿ: ತೆಗೆದುಹಾಕಬೇಕಾದ ಪಾಠ ಅಕ್ಕ. ಆಕ್ಟಲ್‌ನ ಒಂದು ಅಂಕೆ ಅಂದರೆ ಮೂರು ಬಿಟ್, ಅಂದರೆ ಕಂಪ್ಯೂಟರ್ ಬಳಸುವ 0 ಅಥವಾ 1 ಮೂರು ಸಲ. 1965ರ ಪಿಡಿಪಿ-8 ಥರದ 12 ಬಿಟ್ ಯಂತ್ರಗಳಿಗೆ ಅದು ಸರಿಹೊಂದುತ್ತಿತ್ತು. ಈಗಿನ ಬೈಟ್‌ಗೆ 8 ಬಿಟ್, ಮೂರರಿಂದ ಭಾಗವಾಗುವುದಿಲ್ಲ. ಲಿನಕ್ಸ್‌ನಲ್ಲಿ ಫೈಲನ್ನು ಯಾರು ಓದಬಹುದು, ಬದಲಿಸಬಹುದು ಅನ್ನುವ ಅನುಮತಿಗೆ 755, 644 ಅಂತ ಕೊಡುವುದು ಬಿಟ್ಟರೆ ನಾನು ಆಕ್ಟಲ್ ಮುಟ್ಟುವುದೇ ಇಲ್ಲ.

ಬದಿಯಡ್ಕ ಮಾಷ್ಟ್ರು: ಯಂತ್ರ ಬಿಡಿ, ಸಂಖ್ಯೆ ನೋಡಿ. ಅಂಕೆ ಕೂಡಿಸಿ 9ರಿಂದ ಭಾಗವಾಗುತ್ತದಾ ಅಂತ ನೋಡುತ್ತೇವಲ್ಲ, ಮಕ್ಕಳು ಅದನ್ನು 9ರದ್ದೇ ವಿಶೇಷ ಅಂದುಕೊಂಡಿದ್ದಾರೆ. ಅಲ್ಲವೇ ಅಲ್ಲ. 9 ಹತ್ತಕ್ಕಿಂತ ಒಂದು ಕಡಿಮೆ, ಅಷ್ಟೇ ಕಾರಣ. ಆಕ್ಟಲ್‌ನಲ್ಲಿ ಆ ಜಾಗ 7ಕ್ಕೆ. 365 ತಗೊಳ್ಳಿ. ನಮ್ಮಲ್ಲಿ ಬಿಡಿ, ಹತ್ತು, ನೂರು ಇದ್ದ ಹಾಗೆ ಅಲ್ಲಿ ಸ್ಥಾನಗಳು 1, 8, 64. ಐದು 64 ಅಂದರೆ 320, ಐದು 8 ಅಂದರೆ 40, ಉಳಿದದ್ದು 5. ಆಕ್ಟಲ್‌ನಲ್ಲಿ 555! ಅಂಕೆ ಕೂಡಿಸಿದರೆ ಹದಿನೈದು, ಏಳೇಳಾಗಿ ತೆಗೆದರೆ 1 ಉಳಿಯಿತು. ಈ ವರ್ಷ ಸೋಮವಾರ ಬಂದ ತಾರೀಕು ಮುಂದಿನ ವರ್ಷ ಮಂಗಳವಾರ ಬರುವುದು ಅದಕ್ಕೇ. ನಡುವೆ ಫೆಬ್ರವರಿ 29 ಇದ್ದರೆ 556, ಆಗ ಎರಡು ದಿನ ಮುಂದೆ.

ಮಂಜೇಶ್ವರ ಟೆಕ್ಕಿ: ಮಾಷ್ಟ್ರೇ, ಅಷ್ಟು ಹೊತ್ತಿಗೆ 365ನ್ನು ನೇರ 7ರಿಂದ ಭಾಗಿಸಿ ಮುಗಿಸಬಹುದಲ್ವಾ? ಲಾಭ ಏನು?

ಬದಿಯಡ್ಕ ಮಾಷ್ಟ್ರು: ಸಮಯದ ಲಾಭ ಇಲ್ಲ, ಒಪ್ಪಿದೆ. ಆದರೆ 8ನ್ನು 7ರಿಂದ ಭಾಗಿಸಿದರೂ ಶೇಷ 1, 64ನ್ನು ಭಾಗಿಸಿದರೂ 1. ಹಾಗಾಗಿ ಅಂಕೆ ಯಾವ ಸ್ಥಾನದಲ್ಲಿದ್ದರೂ ಶೇಷಕ್ಕೆ ತನ್ನಷ್ಟನ್ನೇ ಕೊಡುತ್ತದೆ. ಇದು ಕಂಡ ಮಗು 9ರ ನಿಯಮವನ್ನು ಸುಮ್ನೆ ಬಾಯಿಪಾಠ ಮಾಡಬೇಕಾಗಿಲ್ಲ.

ಕುಂಬಳೆ ಬಿಎಸ್ಸಿ: ನನಗೆ ಇನ್ನೂ ಇಷ್ಟ ಬೆಸಸಂಖ್ಯೆಗಳ ವರ್ಗ. 9, 25, 49, 81, 121 ಆಕ್ಟಲ್‌ನಲ್ಲಿ 11, 31, 61, 121, 171. ಎಲ್ಲದರ ಕೊನೆಯೂ 1. ಯಾಕೆ? 7ರ ವರ್ಗ 49, ಒಂದು ಕಳೆದರೆ 48, ಅಂದರೆ 6×8. ಯಾವ ಬೆಸಸಂಖ್ಯೆಗೂ ಹೀಗೆ ಅದರ ಆಚೀಚೆಯ ಎರಡು ಸಮಸಂಖ್ಯೆಗಳ ಗುಣಲಬ್ಧವೇ ಸಿಗುತ್ತದೆ. ಆ ಎರಡರಲ್ಲಿ ಒಂದು 4ರಿಂದ ಭಾಗವಾಗಲೇಬೇಕು, ಇನ್ನೊಂದು 2ರಿಂದ. ಒಟ್ಟು 8ರಿಂದ. ಇನ್ನು ಆ ಕೊನೆಯ 1 ಅಳಿಸಿ ನೋಡಿ: 1, 3, 6, 12, 17. ನಮ್ಮ ಲೆಕ್ಕದಲ್ಲಿ 1, 3, 6, 10, 15. ಅಂದರೆ 1, 1+2, 1+2+3... ತ್ರಿಕೋನ ಸಂಖ್ಯೆಗಳು!

ಪೆರ್ಲದ ಅಮ್ಮ: ಮಗಳು ಈಗಲೇ 13ರ ವರ್ಗ ಮಾಡಿದಳು. 169, ಆಕ್ಟಲ್‌ನಲ್ಲಿ 251. 1 ಅಳಿಸಿದರೆ 25, ಅಂದರೆ ನಮ್ಮ 21. ಒಂದರಿಂದ ಆರರವರೆಗೆ ಕೂಡಿಸಿದ್ದು, ಸರಿಯಾಯಿತು. ಹಾಗಾದರೆ 1ರಲ್ಲಿ ಮುಗಿಯುವುದೆಲ್ಲ ವರ್ಗವಾ ಅಂತ ಕೇಳುತ್ತಿದ್ದಾಳೆ.

ಕುಂಬಳೆ ಬಿಎಸ್ಸಿ: ಇಲ್ಲ. 17 ಆಕ್ಟಲ್‌ನಲ್ಲಿ 21, ಅದು ವರ್ಗ ಅಲ್ಲ. ಆದರೆ ಸಮಸಂಖ್ಯೆಗಳ ವರ್ಗ 0 ಅಥವಾ 4ರಲ್ಲೇ ಮುಗಿಯುತ್ತದೆ. ಹಾಗಾಗಿ ಕೊನೆಯಲ್ಲಿ 2, 3, 5, 6, 7 ಕಂಡರೆ ವರ್ಗ ಅಲ್ಲವೇ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಮಂಜೇಶ್ವರ ಟೆಕ್ಕಿ: ಚೆನ್ನಾಗಿದೆ, ನಿಜ. ಆದರೂ ನನ್ನ ಮಾತು ಅದೇ. ಇದು ಗಣಿತದ ಪೀರಿಯಡ್‌ಗೆ ಹೋಗಲಿ. ಕಂಪ್ಯೂಟರ್ ಪಾಠದಲ್ಲಿ ಬರೀ ಪರಿವರ್ತನೆ ಮಾಡಿಸುತ್ತಾರೆ, ಇದರಲ್ಲಿ ಒಂದನ್ನೂ ಹೇಳುವುದಿಲ್ಲ.