ನುಚ್ಚು ಗ್ರೇಡಿನ ಹ್ಯಾಮ್

ಗಂಗಾವತಿಯ ಒಗ್ಗಾಣಿ ಅಂಗಡಿಯ ಬೆಂಚಿನ ಮೇಲೆ ಕುಳಿತು ನಾವು ನಾಲ್ವರು ಬಗೆಹರಿಸದೆ ಬಿಟ್ಟ ದೇಶದ ಸಮಸ್ಯೆ ಇಲ್ಲವೆಂದೇ ಹೇಳಬೇಕು. ಕಳೆದ ಭಾನುವಾರ, ಸ್ವಂತ ಸೆಟ್ಟಿನಿಂದ ಗಾಳಿಯಲ್ಲಿ ಮಾತನಾಡುವ ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ಪರವಾನಗಿಯ ದರ್ಜೆಗಳ ಸರದಿ ಬಂದಿತ್ತು. ಮೊಬೈಲ್ ರಿಪೇರಿಯ ಬಸಣ್ಣನಿಗೆ ಹೊಸದಾಗಿ ಬಂದಿದ್ದ ಸರ್ಟಿಫಿಕೇಟಿನ ಮೇಲೆ ‘ರಿಸ್ಟ್ರಿಕ್ಟೆಡ್’ ಎಂದು, ಅಂದರೆ ಕೆಳಗಿನ ದರ್ಜೆಯೆಂದು, ಅಚ್ಚಾಗಿತ್ತು.

“ನಮ್ಮ ಮಾವನವರು ಇದನ್ನು ಎರಡು ಸಲ ಓದಿ, ಮಗಳನ್ನು ಒಳಗೆ ಕರೆದು, ‘ಅಳಿಯಂದಿರ ಮೇಲೆ ಸರಕಾರ ಯಾವ ನಿರ್ಬಂಧ ಹೇರಿದೆ?’ ಎಂದು ಕೇಳಿದರು,” ಎಂದು ಅವನು ಅಲವತ್ತುಕೊಂಡ.

ಅಕ್ಕಿ ಗಿರಣಿಯ ಸಾಹುಕಾರರಿಗೆ ವಿಷಯ ತಕ್ಷಣ ತಿಳಿಯಿತು. “ಜನರಲ್ ದರ್ಜೆಯ ನಮ್ಮ ಮಾಸ್ತರರು ಸೋನಾ ಮಸೂರಿ, ನೀನು ನುಚ್ಚು. ಜರಡಿ ಹಿಡಿದ ಮೇಲೆ ಬೇಸರವೇಕೆ?”

“ಈಗಿನದು ಎರಡೇ ಕಣ್ಣಿನ ಜರಡಿ,” ಎಂದರು ನಿವೃತ್ತ ಮಾಸ್ತರರು. “1978ರ ನಿಯಮಗಳಲ್ಲಿ ಐದು ಬಗೆಯ ಪರವಾನಗಿಗಳಿದ್ದವು. ಐದನೆಯದನ್ನು ಪಡೆದವರು ಕೇಳಬಹುದಿತ್ತೇ ಹೊರತು ಮಾತನಾಡುವಂತಿರಲಿಲ್ಲ.”

“ಅಂಥದ್ದೊಂದನ್ನು ಈ ಬೆಂಚಿನ ಇಬ್ಬರಿಗಾದರೂ ಕೊಡಿಸಬೇಕಿತ್ತು,” ಎಂದ ಸಾಹುಕಾರರು ನನ್ನ ಕಡೆಗೇ ನೋಡಿದರು.

ಈಗಿನ ಎರಡೂ ದರ್ಜೆಗಳನ್ನು ಕಲಸಿ ಒಂದೇ ಮಾಡಬೇಕೆಂಬುದು ಬಸಣ್ಣನ ವಾದ. ಅಮೆರಿಕದವರು 2000ದಲ್ಲಿ ಆರು ದರ್ಜೆಗಳ ಬದಲು ಮೂರಕ್ಕಷ್ಟೇ ಹೊಸ ಪರವಾನಗಿ ಕೊಡತೊಡಗಿದರು, 2007ರಲ್ಲಿ ಚುಕ್ಕೆ-ಗೆರೆಗಳ ಸಂಕೇತಭಾಷೆಯಾದ ಮೋರ್ಸ್‌ನ ಪರೀಕ್ಷೆಯನ್ನೂ ಕೈಬಿಟ್ಟರು, ಆದರೂ ಅಲ್ಲಿಯ ಆಕಾಶ ಕಳಚಿ ಬೀಳಲಿಲ್ಲ ಎಂದು ಅವನು ಮಿರ್ಚಿಯ ತೊಟ್ಟನ್ನು ಎತ್ತಿ ಹಿಡಿದು ಸಾರಿದ. ಏರಲು ಮೆಟ್ಟಿಲಿಲ್ಲದಿದ್ದರೆ ಯಾರೂ ಓದುವುದಿಲ್ಲ ಎಂಬುದು ಮಾಸ್ತರರ ಉತ್ತರ; ಮೂವತ್ತು ವರ್ಷ ಪಾಠ ಹೇಳಿದವರು ಇನ್ನೇನು ಹೇಳಿಯಾರು!

ನನಗೆ ಮೆಟ್ಟಿಲಿನ ಬಗ್ಗೆ ತಕರಾರಿಲ್ಲ. ಮೆಟ್ಟಿಲಿನ ಬಳಿ ಕೇಳುವ ಪ್ರಶ್ನೆಯ ಬಗ್ಗೆ ಇದೆ. ಸೆಟ್ಟಿನ ಶಕ್ತಿ ರಿಸ್ಟ್ರಿಕ್ಟೆಡ್‌ನವರಿಗೆ 50 ವ್ಯಾಟ್, ಜನರಲ್‌ನವರಿಗೆ 400 ವ್ಯಾಟ್ ಎಂಬುದು ಒಪ್ಪತಕ್ಕ ಮಾತೇ. ಆದರೆ ನಾನು ಪರೀಕ್ಷೆಗೆ ಕುಳಿತ ಕಾಲದಲ್ಲಿ ಆ ಎರಡರ ನಡುವೆ ನಿಮಿಷಕ್ಕೆ 8 ಪದಗಳ ಮೋರ್ಸ್ ನಿಂತಿತ್ತು. ನಾನು ಬರೆದುಕೊಟ್ಟ ಸಂದೇಶವನ್ನು ಓದಿದ ಪರೀಕ್ಷಕರು, ಇದು ಯಾವ ಭಾಷೆಯೆಂದು ಸೌಜನ್ಯದಿಂದಲೇ ವಿಚಾರಿಸಿದರು. ಹೆಚ್ಚು ವ್ಯಾಟ್ ಬಿಡುವವನಿಗೆ ಅರ್ಥಿಂಗ್ ಸರಿಯಾಗಿ ಕೊಡಲು ಬರುತ್ತದೆಯೇ, ಪಕ್ಕದ ಮನೆಯ ಟಿವಿಯಲ್ಲಿ ಅವನ ಧ್ವನಿ ಮೊಳಗಿದರೆ ಏನು ಮಾಡಬೇಕೆಂದು ತಿಳಿದಿದೆಯೇ ಎಂಬುದನ್ನೇ ಇನ್ನಷ್ಟು ಬಿಗಿಯಾಗಿ ಕೇಳಬೇಕಲ್ಲದೆ, ಬೆರಳಿನ ಚುರುಕನ್ನು ಅಳೆದು ಕರೆಂಟು ಕೊಡುವುದು ಎಲ್ಲಿಯ ನ್ಯಾಯ?

“2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ನನ್ನ ಫೋನಿಗೆ ಬಂದ ಸುದ್ದಿಗಳಲ್ಲಿ ಒಂದರ ಪ್ರಕಾರ ನಮ್ಮ ಗಿರಣಿಯೇ ತೇಲಿಹೋಗಿತ್ತು, ನಾನು ಅದರೊಳಗೇ ಕುಳಿತಿದ್ದೆ,” ಎಂದರು ಸಾಹುಕಾರರು. “ಅಂಥ ಹೊತ್ತಿನಲ್ಲಿ ನದಿಯ ದಂಡೆಯಿಂದ ರೇಡಿಯೊದಲ್ಲಿ ನಿಜ ಹೇಳುವವನು ನುಚ್ಚಾದರೇನು, ಇಡಿಯಕ್ಕಿಯಾದರೇನು?”

ಮೋರ್ಸ್‌ನ ಅವಹೇಳನವನ್ನು ಮಾಸ್ತರರು ಸಹಿಸಲಿಲ್ಲ. “ಗದ್ದಲದಲ್ಲಿ ಮಾತು ಮುಳುಗಿದರೂ ಇದು ದಾಟುತ್ತದೆ,” ಎಂದು ಚಮಚೆಯಿಂದ ಸ್ಟೀಲ್ ಲೋಟದ ಮೇಲೆ ‘ಸಿಕ್ಯೂ’, ಅಂದರೆ ‘ಯಾರಾದರೂ ಕೇಳುತ್ತಿದ್ದೀರಾ’ ಎಂಬ ಹ್ಯಾಮ್‌ಗಳ ಕರೆಯನ್ನು, ಬಡಿದರು: ಡಾ ಡಿ ಡಾ ಡಿ, ಡಾ ಡಾ ಡಿ ಡಾ.

ನಿಜಕ್ಕೂ ದಾಟಿತು. ಒಲೆಯ ಮುಂದಿದ್ದ ಅಂಗಡಿಯ ಅಕ್ಕ ಬಡಿತಗಳನ್ನು ಒಂದೂ ತಪ್ಪದೆ ಎಣಿಸಿ, ನಾಲ್ವರ ಮುಂದೆ ಎಂಟು ಚಹಾ ತಂದಿಟ್ಟಳು.